ಕೈಗೆ ಬಾರದ ಸಂಬಳ

ತಿಂಗಳ ಕೊನೆಯಲ್ಲಿ ದೊರೆಯುವ ಸಂಬಳದ ಚೀಟಿಯನ್ನು ಒಮ್ಮೆ ಸಮಾಧಾನವಾಗಿ ಓದಿ ನೋಡಿ. ಒಂದು ಬದಿಯಲ್ಲಿ ಮೂಲ ವೇತನ, ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ. ಇನ್ನೊಂದು ಬದಿಯಲ್ಲಿ ಕಟಾವಣೆಗಳ ಸಾಲು. ನಮ್ಮಲ್ಲಿ ಬಹಳ ಮಂದಿ ನೋಡುವುದು ಇವೆರಡನ್ನೂ ಅಲ್ಲ, ಕೆಳಗೆ ಬರೆದಿರುವ ಒಂದೇ ಅಂಕಿಯನ್ನು. ಕೈಗೆ ಎಷ್ಟು ಬಂತು? ಅಷ್ಟು ತಿಳಿದರೆ ಚೀಟಿ ಮಡಿಸಿ ಒಳಗಿಡುತ್ತೇವೆ.

ಆದರೆ ಒಂದು ಸಂಸಾರದ ಹಣಕಾಸಿನ ನಿಜವಾದ ಕಥೆ ಇರುವುದು ಕೈಗೆ ಬಂದ ಹಣದಲ್ಲಿ ಮಾತ್ರವಲ್ಲ, ಕೈಗೆ ಬಾರದೆ ಹೋದ ಹಣದಲ್ಲೂ ಇದೆ. ಆ ಹಣ ಮೂರು ಬಗೆಯದು. ಮೊದಲನೆಯದು ಸರ್ಕಾರದ ಪಾಲು, ಅಂದರೆ ತೆರಿಗೆ. ಎರಡನೆಯದು ನಿಮ್ಮದೇ ಪಾಲು. ಭವಿಷ್ಯ ನಿಧಿ, ವಿಮೆ, ಪಿಂಚಣಿ ನಿಧಿಗಳ ರೂಪದಲ್ಲಿ ಮುಂದಿನ ದಿನಗಳಿಗೆಂದು ಎತ್ತಿಟ್ಟದ್ದು. ಮೂರನೆಯದು ಸಾಲ ಕೊಟ್ಟವರ ಪಾಲು, ಅಂದರೆ ಮನೆ ಸಾಲದ ಕಂತು. ಈ ಮೂರೂ ನಮ್ಮ ನಾಡಿಗೆ ಬಂದದ್ದು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಾರಣಗಳಿಗಾಗಿ. ಆದರೆ ಸಂಬಳದಾರನ ಸ್ವಂತ ಮನೆ ಎಂಬ ಕನಸು ನನಸಾದದ್ದು ಇವು ಮೂರೂ ಒಂದೇ ಚೀಟಿಯಲ್ಲಿ ಸೇರಿದ ಮೇಲೆ. ಈ ಇತಿಹಾಸವನ್ನು ತಿಳಿದರೆ, ನಿಮ್ಮ ಚೀಟಿಯ ಪ್ರತಿಯೊಂದು ಕಟಾವಣೆಯನ್ನೂ ‘ನೀನು ಯಾರವನು, ಎಲ್ಲಿಗೆ ಹೋಗುತ್ತೀ?’ ಎಂದು ಕೇಳುವ ಧೈರ್ಯ ಬರುತ್ತದೆ.

ತೆರಿಗೆ ಬಂದ ಬಗೆ

ಮೂಲದಲ್ಲೇ ತೆರಿಗೆ ಹಿಡಿಯುವ ಉಪಾಯ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಫ್ರಾನ್ಸಿನೊಡನೆ ನಡೆಯುತ್ತಿದ್ದ ಯುದ್ಧದ ಖರ್ಚಿಗಾಗಿ ಪ್ರಧಾನಿ ವಿಲಿಯಂ ಪಿಟ್ 1799ರಲ್ಲಿ ಆದಾಯ ತೆರಿಗೆಯನ್ನು ತಂದರು. ಮೇಲ್ಮಟ್ಟದ ದರ ಶೇಕಡ 10. ಜನ ತಮ್ಮ ಆದಾಯವನ್ನು ತಾವೇ ಘೋಷಿಸಿ ಕಟ್ಟಬೇಕಿತ್ತು. ಘೋಷಿಸಿದವರು ಕಡಿಮೆ, ಮರೆಮಾಚಿದವರು ಹೆಚ್ಚು. 1803ರಲ್ಲಿ ಹೆನ್ರಿ ಆಡಿಂಗ್ಟನ್ ದರವನ್ನು ಶೇಕಡ 5ಕ್ಕೆ ಇಳಿಸಿದರು. ಆದರೆ ಸಂಬಳ, ಬಡ್ಡಿ ಮೊದಲಾದವುಗಳ ಮೇಲಿನ ತೆರಿಗೆಯನ್ನು ಹಣ ಕೊಡುವವನೇ ಹಿಡಿದುಕೊಂಡು ಸರ್ಕಾರಕ್ಕೆ ಕಟ್ಟಬೇಕೆಂದು ನಿಯಮ ಮಾಡಿದರು. ದರ ಅರ್ಧಕ್ಕಿಳಿದರೂ ಹುಟ್ಟುವಳಿ ಹೆಚ್ಚುಕಡಿಮೆ ಹಿಂದಿನಷ್ಟೇ ಬಂತು. ಕೈಗೆ ಸೇರಿದ ಹಣವನ್ನು ಮರಳಿ ಕೇಳುವುದಕ್ಕಿಂತ ಕೈ ಸೇರುವ ಮೊದಲೇ ತೆಗೆದುಕೊಳ್ಳುವುದು ಸುಲಭ ಎಂಬ ಪಾಠವನ್ನು ಸರ್ಕಾರಗಳು ಅಂದಿನಿಂದ ಮರೆಯಲಿಲ್ಲ.

ಭಾರತಕ್ಕೆ ಆದಾಯ ತೆರಿಗೆ ಬಂದದ್ದು 1860ರಲ್ಲಿ. 1857ರ ಬಂಡಾಯವನ್ನು ಹತ್ತಿಕ್ಕಿದ ಖರ್ಚಿನಿಂದ ಬ್ರಿಟಿಷ್ ಸರ್ಕಾರ ಸಾಲದಲ್ಲಿ ಮುಳುಗಿತ್ತು. ‘ದಿ ಎಕಾನಮಿಸ್ಟ್’ ಪತ್ರಿಕೆಯ ಸ್ಥಾಪಕರಾದ ಜೇಮ್ಸ್ ವಿಲ್ಸನ್ ಹಣಕಾಸು ಸದಸ್ಯರಾಗಿ ಕಲ್ಕತ್ತೆಗೆ ಬಂದು ಈ ತೆರಿಗೆಯನ್ನು ಸೂಚಿಸಿದರು. ವರ್ಷಕ್ಕೆ 200 ರೂಪಾಯಿಂದ 500 ರೂಪಾಯಿವರೆಗಿನ ಆದಾಯಕ್ಕೆ ಶೇಕಡ 2, ಅದಕ್ಕೆ ಮೇಲ್ಪಟ್ಟು ಶೇಕಡ 4. ಆ ವರ್ಷದ ಜುಲೈ 24ರಂದು ತೆರಿಗೆ ಜಾರಿಗೆ ಬಂತು. ಮರು ತಿಂಗಳೇ ವಿಲ್ಸನ್ ಕಲ್ಕತ್ತೆಯಲ್ಲಿ ಭೇದಿಯಿಂದ ತೀರಿಕೊಂಡರು.

ಇದನ್ನು ಬಹಿರಂಗವಾಗಿ ವಿರೋಧಿಸಿದವರಲ್ಲಿ ಪ್ರಮುಖರು ಮದರಾಸಿನ ಗವರ್ನರ್ ಸರ್ ಚಾರ್ಲ್ಸ್ ಟ್ರೆವೆಲ್ಯನ್. ಆಗ ಕೆನರಾ ಜಿಲ್ಲೆಯೂ ಬಳ್ಳಾರಿಯೂ ಮದರಾಸು ಆಡಳಿತಕ್ಕೆ ಸೇರಿದ್ದವು. ತೆರಿಗೆಯನ್ನು ವಿರೋಧಿಸಿ ಬರೆದ ಟಿಪ್ಪಣಿಯನ್ನು ಪತ್ರಿಕೆಗಳಿಗೆ ಕೊಟ್ಟರೆಂಬ ಕಾರಣಕ್ಕೆ ಅವರನ್ನು 1860ರಲ್ಲೇ ವಾಪಸು ಕರೆಸಿಕೊಳ್ಳಲಾಯಿತು. ಆದರೆ ಕಾಲದ ವಿನೋದ ನೋಡಿ: ಅದೇ ಟ್ರೆವೆಲ್ಯನ್ ಕೆಲವೇ ವರ್ಷಗಳಲ್ಲಿ ಹಣಕಾಸು ಸದಸ್ಯರಾಗಿ ಭಾರತಕ್ಕೆ ಮರಳಿದರು. ಅವರ ಅವಧಿಯಲ್ಲೇ, 1865ರಲ್ಲಿ, ಆ ತೆರಿಗೆ ಕೊನೆಗೊಂಡಿತು.

ಆಮೇಲೆ ತೆರಿಗೆ ಬಂದು ಹೋಗುತ್ತಿತ್ತು. ಅದು ನೆಲೆಯಾಗಿ ನಿಂತದ್ದು 1886ರ ಕಾಯಿದೆಯಿಂದ. ಆ ಕಾಯಿದೆ ಬೇಸಾಯದ ಆದಾಯವನ್ನು ಹೊರಗಿಟ್ಟಿತು. ಸಂಬಳ ಮತ್ತು ಪಿಂಚಣಿಯನ್ನು ಮೊದಲ ಭಾಗದಲ್ಲೇ ಇಟ್ಟಿತು. ವರ್ಷಕ್ಕೆ 2,000 ರೂಪಾಯಿ ಅಥವಾ ಹೆಚ್ಚು ಸಂಬಳವಿದ್ದರೆ ರೂಪಾಯಿಗೆ 5 ಪೈ, 500ರಿಂದ 2,000ದವರೆಗೆ 4 ಪೈ. ಒಂದು ರೂಪಾಯಿಗೆ 16 ಆಣೆ, ಒಂದು ಆಣೆಗೆ 12 ಪೈ ಎಂಬ ಹಳೆಯ ಲೆಕ್ಕ ಹಿರಿಯರಿಗೆ ನೆನಪಿರಬಹುದು. ತಿಂಗಳಿಗೆ 100 ರೂಪಾಯಿ ಪಡೆಯುವ ಸರ್ಕಾರಿ ನೌಕರನ ತೆರಿಗೆ 400 ಪೈ, ಅಂದರೆ 2 ರೂಪಾಯಿ 1 ಆಣೆ 4 ಪೈ. ಅದನ್ನು ಬಟವಾಡೆಗೆ ಮೊದಲೇ ಹಿಡಿದುಕೊಂಡು ಉಳಿದ 97 ರೂಪಾಯಿ 14 ಆಣೆ 8 ಪೈಯನ್ನು ಅವನ ಕೈಗಿಡುತ್ತಿದ್ದರು. ಅಂಗಡಿಯವನ ಲಾಭವನ್ನು ಅಧಿಕಾರಿ ಊಹಿಸಬೇಕು, ಲೆಕ್ಕ ಕೇಳಬೇಕು, ವಾದಿಸಬೇಕು. ಸಂಬಳದಾರನ ವಿಷಯದಲ್ಲಿ ಅಂಥ ತೊಂದರೆ ಇಲ್ಲ; ಅವನ ಆದಾಯ ಸರ್ಕಾರದ ಪುಸ್ತಕದಲ್ಲೇ ಬರೆದಿದೆ. ತೆರಿಗೆಯ ಕಣ್ಣಿಗೆ ಅತ್ಯಂತ ಸ್ಪಷ್ಟವಾಗಿ ಕಾಣುವವನು ಸಂಬಳದಾರ ಎಂಬ ಮಾತು ಅಂದೇ ನಿಜವಾಗಿತ್ತು.

1922ರ ಕಾಯಿದೆ ಈ ಕ್ರಮವನ್ನು ಇನ್ನಷ್ಟು ವಿಸ್ತರಿಸಿ, ಖಾಸಗಿ ಮಾಲೀಕರೂ ಸಂಬಳ ಕೊಡುವಾಗಲೇ ತೆರಿಗೆ ಹಿಡಿಯಬೇಕೆಂದು ವಿಧಿಸಿತು. ಮೈಸೂರು ಸಂಸ್ಥಾನ 1923ರಲ್ಲಿ ತನ್ನದೇ ಆದಾಯ ತೆರಿಗೆ ಕಾಯಿದೆಯನ್ನು ಮಾಡಿಕೊಂಡಿತು. ಸಂಸ್ಥಾನಗಳು ಭಾರತ ಒಕ್ಕೂಟದಲ್ಲಿ ಸೇರಿದ ಮೇಲೆ 1950ರ ಏಪ್ರಿಲ್‌ನಿಂದ ಕೇಂದ್ರದ ಕಾಯಿದೆ ಇಲ್ಲಿಗೂ ಅನ್ವಯವಾಯಿತು. 1922ರ ಕಾಯಿದೆಯ ಜಾಗಕ್ಕೆ ಬಂದದ್ದು 1961ರ ಕಾಯಿದೆ. ಅದರ ಜಾಗಕ್ಕೆ 2025ರ ಹೊಸ ಕಾಯಿದೆ ಬಂದಿದ್ದು, 2026ರ ಏಪ್ರಿಲ್ 1 ಅದರ ಜಾರಿಯ ದಿನ. ಕಾಯಿದೆಗಳು ಬದಲಾದರೂ ಸಂಬಳದ ಬಾಗಿಲಲ್ಲೇ ತೆರಿಗೆ ಹಿಡಿಯುವ ಪದ್ಧತಿ ಮಾತ್ರ ಕದಲಲಿಲ್ಲ.

ನಿಮ್ಮದೇ ಹಣ, ನಿಮಗೇ ಬಾರದಂತೆ

ಎರಡನೆಯ ಬಗೆಯ ಕಟಾವಣೆಯ ಹುಟ್ಟು ಬೇರೆ. ಸರ್ಕಾರಕ್ಕೆ ಅನುಕೂಲವಾದ ಉಪಾಯ ಸಂಸಾರಸ್ಥರಿಗೂ ಅನುಕೂಲವೇ ಎಂಬುದನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗ ಕಂಡುಕೊಂಡಿತು. ನಮ್ಮ ಮನೆಗಳ ಹೆಂಗಸರಿಗಂತೂ ಇದು ಹೊಸ ವಿದ್ಯೆಯಲ್ಲ. ಮನೆಖರ್ಚಿನ ದುಡ್ಡು ಕೈಗೆ ಬಂದ ಕ್ಷಣವೇ ಒಂದಿಷ್ಟನ್ನು ಸಾಸಿವೆ ಡಬ್ಬಿಗೆ ಹಾಕಿ, ಇಲ್ಲವೆಂದೇ ತಿಳಿದು ತಿಂಗಳು ಕಳೆಯುವುದು ಅಡುಗೆಮನೆಯ ಅರ್ಥಶಾಸ್ತ್ರ. ಖರ್ಚು ಮಾಡಿ ಉಳಿದದ್ದನ್ನು ಕೂಡಿಡುತ್ತೇನೆ ಎಂದವರಿಗೆ ಉಳಿಯುವುದೇ ಇಲ್ಲ. ಮೊದಲು ಎತ್ತಿಟ್ಟು ಆಮೇಲೆ ಖರ್ಚು ಮಾಡಿದವರಿಗೆ ಮಾತ್ರ ಉಳಿಯುತ್ತದೆ.

ಮೈಸೂರು ಸಂಸ್ಥಾನದಲ್ಲಿ ಈ ವಿವೇಕಕ್ಕೆ ಕಚೇರಿಯ ರೂಪ ಬಂದದ್ದು 1891ರಲ್ಲಿ. ಹತ್ತನೆಯ ಚಾಮರಾಜ ಒಡೆಯರ ಆಳ್ವಿಕೆ, ಕೆ. ಶೇಷಾದ್ರಿ ಅಯ್ಯರ್ ದಿವಾನರು. ಸಂಸ್ಥಾನದ ನೌಕರರಿಗಾಗಿ ಸರ್ಕಾರವೇ ಜೀವವಿಮೆಯ ಇಲಾಖೆಯನ್ನು ಆರಂಭಿಸಿತು. ಇಂದಿಗೂ ಕರ್ನಾಟಕದ ಪ್ರತಿಯೊಬ್ಬ ಸರ್ಕಾರಿ ನೌಕರನ ಚೀಟಿಯಲ್ಲಿ ಕಾಣುವ ಕೆ.ಜಿ.ಐ.ಡಿ. ಎಂಬ ನಾಲ್ಕು ಅಕ್ಷರಗಳು ಆ ಇಲಾಖೆಯವೇ. ಏಕೀಕರಣದ ನಂತರ, 1958ರ ನಿಯಮಗಳು ಈ ವಿಮೆಯನ್ನು ರಾಜ್ಯದ ನೌಕರರಿಗೆ ಕಡ್ಡಾಯಗೊಳಿಸಿದವು. ಭಾರತೀಯ ಜೀವವಿಮಾ ನಿಗಮ ಹುಟ್ಟಿದ್ದು 1956ರಲ್ಲಿ ಎಂಬುದನ್ನು ನೆನೆದರೆ ಮೈಸೂರಿನ ಈ ಹೆಜ್ಜೆ ಎಷ್ಟು ಮುಂಚಿನದು ಎಂಬುದು ತಿಳಿಯುತ್ತದೆ.

ಸಂಬಳದ ಚೀಟಿಯೇ ಇಲ್ಲದವರ ಗತಿ? ಅವರಿಗೂ ನಮ್ಮ ನಾಡು ದಾರಿ ಹುಡುಕಿತು. 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದ ಮರುವರ್ಷವೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ರೈತರ ಪತ್ತಿನ ಸಂಘ ಸ್ಥಾಪನೆಯಾಯಿತು. 1906ರಲ್ಲಿ ಮಂಗಳೂರಿನ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಆರಂಭಿಸಿದರು. ಅದೇ ಮುಂದೆ ಕೆನರಾ ಬ್ಯಾಂಕ್ ಆಯಿತು. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಅವರು ಕಟ್ಟಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಯಿತು. ಆ ಬ್ಯಾಂಕು 1928ರಲ್ಲಿ ತಂದ ಪಿಗ್ಮಿ ಠೇವಣಿ ಇಂದು ಕನ್ನಡದ್ದೇ ಮಾತಾಗಿಹೋಗಿದೆ. ದಿನಕ್ಕೆ 2 ಆಣೆ. ಏಜೆಂಟನು ಅಂಗಡಿಯ ಮುಂದೆ, ಮನೆಯ ಬಾಗಿಲಿಗೆ ಬಂದು ಪಡೆದು ಚೀಟಿ ಹರಿದು ಕೊಡುತ್ತಿದ್ದ. ದಿನಕ್ಕೆ 2 ಆಣೆಯೆಂದರೆ ವರ್ಷಕ್ಕೆ 45 ರೂಪಾಯಿ 10 ಆಣೆ. ನೇಕಾರನಿಗೆ, ಮೀನು ಮಾರುವವಳಿಗೆ ಅದು ಸಣ್ಣ ಮೊತ್ತವಲ್ಲ. ಪಿಗ್ಮಿಯ ಏಜೆಂಟ್ ಮಾಡಿದ್ದೇನು? ಸಂಬಳದಾರನಿಗೆ ಕಚೇರಿಯ ಗುಮಾಸ್ತ ಮಾಡುತ್ತಿದ್ದ ಕೆಲಸವನ್ನೇ: ಹಣ ಖರ್ಚಾಗುವ ಮೊದಲು ಬಂದು ನಿಲ್ಲುವುದು.

ಕಾರ್ಖಾನೆಯ ಕಾರ್ಮಿಕರಿಗೆ ಭವಿಷ್ಯ ನಿಧಿಯ ಕಾಯಿದೆ ಬಂದದ್ದು 1952ರಲ್ಲಿ. ಸಿಮೆಂಟು, ಸಿಗರೇಟು, ಎಂಜಿನಿಯರಿಂಗ್, ಕಬ್ಬಿಣ ಮತ್ತು ಉಕ್ಕು, ಕಾಗದ, ಬಟ್ಟೆ ಎಂಬ ಆರು ಉದ್ಯಮಗಳಲ್ಲಿ ಮೊದಲು ಜಾರಿಯಾಯಿತು. ಆಗಿನ ದರ ಶೇಕಡ 6.25. ಈ ವಿಚಿತ್ರ ಅಂಕಿ ಎಲ್ಲಿಂದ ಬಂತೆಂದು ನಿಮಗೆ ಅನಿಸಬಹುದು. ಉತ್ತರ ಸರಳ: ರೂಪಾಯಿಗೆ ಒಂದು ಆಣೆ. ಕಾರ್ಮಿಕನದು ಒಂದು ಆಣೆ, ಮಾಲೀಕನದು ಒಂದು ಆಣೆ. 1997ರಲ್ಲಿ ದರ ಶೇಕಡ 12ಕ್ಕೆ ಏರಿತು. ಬೆಂಗಳೂರಿನ ವಿಮಾನ, ದೂರವಾಣಿ, ಗಡಿಯಾರ, ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಲ್ಲಿ ದುಡಿದ ಒಂದು ತಲೆಮಾರಿಗೆ ನಿವೃತ್ತಿಯ ದಿನ ದೊರೆತ ದೊಡ್ಡ ಮೊತ್ತ ಆ ಆಣೆಗಳೇ ಬೆಳೆದದ್ದು. ತೆನೆ ತೆನೆ ಕೂಡಿದರೆ ಬಳ್ಳ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಹಿಡಿದ ಹಣ ಯಾರ ಹೊಣೆ?

ಇಲ್ಲಿ ಒಂದು ಗಂಭೀರವಾದ ಪ್ರಶ್ನೆ ಏಳುತ್ತದೆ. ನನ್ನ ಕೈಗೆ ಬಾರದ ಹಣ ಇನ್ನೊಬ್ಬರ ಕೈಯಲ್ಲಿದೆ. ಅವರು ಅದನ್ನು ಕಾಯುತ್ತಾರೆಂಬ ಭರವಸೆ ಏನು?

1906ರ ಅಕ್ಟೋಬರಿನಲ್ಲಿ ಮದರಾಸಿನ ಅರ್ಬತ್ನಾಟ್ ಕಂಪನಿ ದಿವಾಳಿಯೆದ್ದಾಗ ದಕ್ಷಿಣ ಭಾರತದ ಸಾವಿರಾರು ಠೇವಣಿದಾರರ ಜೀವಮಾನದ ಉಳಿತಾಯ ಮುಳುಗಿತು. 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ ಮುರಿದುಬಿದ್ದಾಗಲೂ ಹಾಗೆಯೇ ಆಯಿತು. ಆ ಪೆಟ್ಟಿನ ಫಲವಾಗಿ 1962ರ ಜನವರಿಯಿಂದ ಬ್ಯಾಂಕ್ ಠೇವಣಿಗಳಿಗೆ ವಿಮೆ ಬಂತು. ಆಗಿನ ಮಿತಿ 1,500 ರೂಪಾಯಿ. 1993ರಲ್ಲಿ 1 ಲಕ್ಷ, 2020ರಲ್ಲಿ 5 ಲಕ್ಷ ಆಯಿತು. ಈ ವಿಮೆ ಇರುವುದು ಬ್ಯಾಂಕುಗಳಲ್ಲಿನ ಠೇವಣಿಗೆ ಮಾತ್ರ. ಊರಿನ ಚೀಟಿ ವ್ಯವಹಾರಕ್ಕಾಗಲಿ, ಹೆಚ್ಚು ಬಡ್ಡಿಯ ಆಸೆ ತೋರಿಸುವ ಖಾಸಗಿ ಕಂಪನಿಗಾಗಲಿ ಇಲ್ಲ ಎಂಬುದನ್ನು ದಯವಿಟ್ಟು ನೆನಪಿಡಿ.

ಸಂಬಳದ ಕಟಾವಣೆಯಲ್ಲೂ ಕಾನೂನು ಮೆಲ್ಲಮೆಲ್ಲನೆ ದುರ್ಬಲರ ಕಡೆ ನಿಂತಿತು. 1936ರ ವೇತನ ಪಾವತಿ ಕಾಯಿದೆ, ಕಾನೂನು ಒಪ್ಪಿದ ಕಾರಣಗಳಿಗಲ್ಲದೆ ಬೇರೆ ಯಾವುದಕ್ಕೂ ಮಾಲೀಕನು ಕಾರ್ಮಿಕನ ಕೂಲಿಯನ್ನು ಹಿಡಿಯಬಾರದೆಂದು ಕಟ್ಟುಮಾಡಿತು. 1961ರ ಆದಾಯ ತೆರಿಗೆ ಕಾಯಿದೆಯಲ್ಲಿ ಇನ್ನೊಂದು ರಕ್ಷಣೆ ಇತ್ತು: ಸಂಬಳದಿಂದ ತೆರಿಗೆ ಹಿಡಿದಾಗಿದ್ದರೆ, ಮಾಲೀಕನು ಅದನ್ನು ಸರ್ಕಾರಕ್ಕೆ ಕಟ್ಟದೇ ಹೋದರೂ ಅದೇ ತೆರಿಗೆಯನ್ನು ನೌಕರನಿಂದ ಮತ್ತೆ ಕೇಳುವಂತಿಲ್ಲ. ಭವಿಷ್ಯ ನಿಧಿಗೆಂದು ಕಾರ್ಮಿಕನಿಂದ ಹಿಡಿದು ಕಟ್ಟದಿದ್ದರೆ ಅದು ನಂಬಿಕೆದ್ರೋಹದ ಅಪರಾಧವೆಂದು 1973ರಲ್ಲಿ ದಂಡ ಸಂಹಿತೆಗೇ ವಿವರಣೆ ಸೇರಿತು. ಆದರೆ ಈ ರಕ್ಷಣೆ ಫಲ ಕೊಡಬೇಕಾದರೆ ಹಿಡಿದದ್ದಕ್ಕೆ ನಿಮ್ಮಲ್ಲಿ ಸಾಕ್ಷಿ ಇರಬೇಕು. ಸಂಬಳದ ಚೀಟಿಗಳನ್ನು ಹರಿದೆಸೆಯಬಾರದೆಂದು ಹಿರಿಯರು ಹೇಳುತ್ತಿದ್ದುದು ಇದೇ ಕಾರಣಕ್ಕೆ.

ಸರ್ಕಾರವೇ ಈ ಅಧಿಕಾರವನ್ನು ಹೆಚ್ಚಾಗಿ ಬಳಸಿದ ಸಂದರ್ಭಗಳೂ ಉಂಟು. ಚೀನಾ ಯುದ್ಧದ ನಂತರ, 1963ರಲ್ಲಿ, ಹಣಕಾಸು ಸಚಿವ ಮೊರಾರ್ಜಿ ದೇಸಾಯಿ ಕಡ್ಡಾಯ ಠೇವಣಿ ಯೋಜನೆಯನ್ನು ತಂದರು. ವಿರೋಧ ಎಷ್ಟು ಜೋರಾಗಿತ್ತೆಂದರೆ ಅದೇ ವರ್ಷ ಅದನ್ನು ಬಹುಮಟ್ಟಿಗೆ ಕೈಬಿಡಬೇಕಾಯಿತು. 1974ರಲ್ಲಿ ಬೆಲೆಗಳು ಗಗನಕ್ಕೇರಿದ್ದಾಗ, ನೌಕರರಿಗೆ ಹೆಚ್ಚಾಗಿ ದೊರೆತ ತುಟ್ಟಿಭತ್ಯೆಯ ಅರ್ಧವನ್ನು ಕಡ್ಡಾಯ ಠೇವಣಿಯಾಗಿ ಹಿಡಿದಿಡಲಾಯಿತು. ಬಡ್ಡಿ ಸಹಿತ ಕಂತುಗಳಲ್ಲಿ ಹಿಂದಿರುಗಿಸುವ ಏರ್ಪಾಡಿತ್ತು, ನಿಜ. ಆದರೆ ಅಕ್ಕಿಯ ಬೆಲೆ ಏರಿದ ತಿಂಗಳಲ್ಲಿ ಬಾರದ ತುಟ್ಟಿಭತ್ಯೆ, ವರ್ಷಗಳ ನಂತರ ಬಂದರೆ ಅದೇ ಹಣವಾಗಿ ಉಳಿದಿರುವುದಿಲ್ಲ. ಕಡ್ಡಾಯ ಉಳಿತಾಯ ಒಳ್ಳೆಯದೇ. ಆದರೆ ಅದರ ಗುರಿ ಯಾರ ಒಳಿತು ಎಂಬುದರ ಮೇಲೆ ಅದರ ನ್ಯಾಯ ನಿಂತಿದೆ.

ಮನೆ ಕಟ್ಟಿ ನೋಡು

ಇನ್ನು ಮೂರನೆಯ ಕಟಾವಣೆ, ಮನೆಯ ಕಂತು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಗಾದೆ ಹೇಳಿದವರ ಕಾಲದಲ್ಲಿ ಮನೆ ಸಾಲದ ಬ್ಯಾಂಕು ಇರಲಿಲ್ಲ.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರತರಲು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡವು. ನೇರವಾದ ಬೀದಿ, ಅಳತೆಯ ನಿವೇಶನ. ನಿವೇಶನ ಸಿಕ್ಕಿತು ಸರಿ, ಕಟ್ಟಲು ಹಣ? ಈ ಪ್ರಶ್ನೆಗೆ ಉತ್ತರವಾಗಿ 1909ರಲ್ಲಿ ಬೆಂಗಳೂರು ಬಿಲ್ಡಿಂಗ್ ಕೋ-ಆಪರೇಟಿವ್ ಸೊಸೈಟಿ ಹುಟ್ಟಿತು. ಭಾರತದ ಗೃಹ ಸಹಕಾರ ಚಳವಳಿಯ ಆರಂಭವನ್ನು ಈ ಸಂಘದಿಂದಲೇ ಎಣಿಸುವುದು ವಾಡಿಕೆ. ಅಲ್ಲಿಂದ ಮುಂದೆ ನಗರದ ಬೆಳವಣಿಗೆಯ ಹೊಣೆ 1945ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡಿಗೂ, 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರಕ್ಕೂ ಬಂತು.

ಸಾಲದ ಕಥೆ ಮಾತ್ರ ನಿಧಾನವಾಗಿ ಸಾಗಿತು. ಕೇಂದ್ರ ಸರ್ಕಾರ 1956ರಲ್ಲಿ ತನ್ನ ನೌಕರರಿಗೆ ಗೃಹ ನಿರ್ಮಾಣ ಮುಂಗಡ ಕೊಡಲಾರಂಭಿಸಿತು, ವಸೂಲಿ ಸಂಬಳದಿಂದಲೇ. ಉಳಿದವರು ಭವಿಷ್ಯ ನಿಧಿಯ ಮುಂಗಡ, ವಿಮಾ ಪಾಲಿಸಿಯ ಮೇಲಿನ ಸಾಲ, ಒಡವೆ, ಊರಿನ ಜಮೀನು ಇವುಗಳನ್ನು ನೆಚ್ಚಬೇಕಿತ್ತು. ಹೀಗಾಗಿ ಮಧ್ಯಮ ವರ್ಗದವರು ಸ್ವಂತ ಮನೆಯ ಬಾಗಿಲು ತೆರೆಯುತ್ತಿದ್ದುದು ಬಹುಮಟ್ಟಿಗೆ ನಿವೃತ್ತಿಯ ಹೊತ್ತಿಗೆ. 1977ರಲ್ಲಿ ಎಚ್.ಟಿ. ಪಾರೇಖರು ಮುಂಬಯಿಯಲ್ಲಿ ಎಚ್.ಡಿ.ಎಫ್.ಸಿ.ಯನ್ನು ಸ್ಥಾಪಿಸಿದ ಮೇಲೆ ಚಿತ್ರ ಬದಲಾಯಿತು. ಬೆಂಗಳೂರಿನಲ್ಲಿ ಕೆನರಾ ಬ್ಯಾಂಕಿನ ಆಶ್ರಯದಲ್ಲಿ 1987ರಲ್ಲಿ ಕ್ಯಾನ್‌ಫಿನ್ ಹೋಮ್ಸ್ ಬಂತು; 1988ರಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕ್ ಸ್ಥಾಪನೆಯಾಯಿತು. ಕೂಡಿಟ್ಟು ಮನೆ ಕಟ್ಟುವ ಕಾಲ ಹೋಗಿ, ಮನೆ ಕಟ್ಟಿ ತೀರಿಸುವ ಕಾಲ ಬಂತು.

ಇದೇ ಅವಧಿಯಲ್ಲಿ ಬೆಂಗಳೂರಿನ ಸುತ್ತ ಗೃಹ ನಿರ್ಮಾಣ ಸಹಕಾರ ಸಂಘಗಳು ಅಣಬೆಗಳಂತೆ ಎದ್ದವು. ಸಾವಿರಾರು ನೌಕರರು ನಿವೇಶನದ ಆಸೆಯಿಂದ ಕಂತು ಕಟ್ಟಿದರು. ಸಂಘಗಳಿಗಾಗಿ ರೈತರ ಭೂಮಿಯನ್ನು ಸರ್ಕಾರ ಸ್ವಾಧೀನಪಡಿಸಿಕೊಂಡಿತು. ಇಂಥ ಒಂದು ಸ್ವಾಧೀನದಲ್ಲಿ ಮಧ್ಯವರ್ತಿಯೊಡನೆ ಹಣದ ಒಪ್ಪಂದ ನಡೆದಿದ್ದುದನ್ನು ಕಂಡು ಹೈಕೋರ್ಟು ಅದನ್ನು ರದ್ದುಮಾಡಿತು. 1995ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ಎತ್ತಿಹಿಡಿಯಿತು. ಭೂಮಿ ಕಳೆದುಕೊಂಡಿದ್ದ ರೈತನಿಗೆ ನ್ಯಾಯ ದೊರೆಯಿತು. ಆದರೆ ಕಾಗದಪತ್ರ ನೋಡದೆ, ನಮ್ಮವರದೇ ಸಂಘವೆಂಬ ನೆಚ್ಚಿಕೆಯಿಂದ ಹಣ ಕಟ್ಟುವವರಿಗೆ ಆ ತೀರ್ಪು ಒಂದು ಪಾಠ. ಮುಂದೆ 2016ರ ಸ್ಥಿರಾಸ್ತಿ ನಿಯಂತ್ರಣ ಕಾಯಿದೆ, ಅಂದರೆ ರೇರಾ, ಕೊಳ್ಳುವವರಿಂದ ಬಂದ ಹಣದ ಶೇಕಡ 70ರಷ್ಟನ್ನು ಆಯಾ ಯೋಜನೆಯ ಪ್ರತ್ಯೇಕ ಖಾತೆಯಲ್ಲೇ ಇಡಬೇಕೆಂದು ಬಿಲ್ಡರುಗಳಿಗೆ ವಿಧಿಸಿದ್ದು ಇಂಥ ಅನುಭವಗಳ ಹಿನ್ನೆಲೆಯಲ್ಲೇ.

ತೆರಿಗೆಯೂ ಮನೆಯೂ ಕೈಜೋಡಿಸಿದಾಗ

1990ರ ದಶಕದ ಕೊನೆಯಲ್ಲಿ ಸರ್ಕಾರ ಮೊದಲ ಕಟಾವಣೆಯನ್ನು ಮೂರನೆಯದಕ್ಕೆ ಗಂಟುಹಾಕಿತು. ಸ್ವಂತ ವಾಸದ ಮನೆಯ ಸಾಲಕ್ಕೆ ಕಟ್ಟಿದ ಬಡ್ಡಿಯನ್ನು ಆದಾಯದಿಂದ ಕಳೆದು ತೆರಿಗೆ ಲೆಕ್ಕ ಹಾಕುವ ಮಿತಿ 1999ರಲ್ಲಿ 75,000 ರೂಪಾಯಿ, 2000ದಲ್ಲಿ 1 ಲಕ್ಷ, 2001ರಲ್ಲಿ 1.5 ಲಕ್ಷ, 2014ರಲ್ಲಿ 2 ಲಕ್ಷ ಆಯಿತು. 2005ರಲ್ಲಿ ಬಂದ 80 ಸಿ ಎಂಬ ಕಲಮು ಭವಿಷ್ಯ ನಿಧಿ, ವಿಮೆ, ಗೃಹಸಾಲದ ಅಸಲು ಎಲ್ಲವನ್ನೂ 1 ಲಕ್ಷದ ಒಂದೇ ಮಿತಿಯೊಳಗೆ ತಂದಿತು. 2014ರಲ್ಲಿ ಆ ಮಿತಿ 1.5 ಲಕ್ಷವಾಯಿತು. ಮೂವತ್ತರ ಹರೆಯದ ದಂಪತಿಗಳು ಮನೆ ಕೊಳ್ಳುವುದು ಸಾಮಾನ್ಯವಾದದ್ದು ಈ ಕಾಲದಲ್ಲಿ. ಉಳಿತಾಯ ಮಾಡುವವರಲ್ಲಿ ಅನೇಕರು ಉಳಿತಾಯದ ಪ್ರೀತಿಯಿಂದ ಮಾಡಲಿಲ್ಲ, ಮಾರ್ಚ್ ತಿಂಗಳ ಭಯದಿಂದ ಮಾಡಿದರು. ಹಾಗಾದರೂ ಹಣ ಉಳಿಯಿತು.

2013ರ ಜೂನ್‌ನಲ್ಲಿ ಇನ್ನೊಂದು ಕುತೂಹಲಕರ ತಿರುವು ಬಂತು. 50 ಲಕ್ಷ ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಬೆಲೆಯ ಮನೆ, ನಿವೇಶನ ಕೊಳ್ಳುವವನೇ ಬೆಲೆಯ ಶೇಕಡ 1ನ್ನು ಹಿಡಿದುಕೊಂಡು, ಮಾರುವವನ ಹೆಸರಿನಲ್ಲಿ ಸರ್ಕಾರಕ್ಕೆ ಕಟ್ಟಬೇಕೆಂಬ ನಿಯಮ ಬಂತು. 60 ಲಕ್ಷದ ಮನೆಯಾದರೆ 60,000 ರೂಪಾಯಿ. ಜೀವಮಾನವೆಲ್ಲ ತೆರಿಗೆ ಹಿಡಿಸಿಕೊಂಡವನು ತನ್ನ ಮೊದಲ ಮನೆಯ ದಿನ ತಾನೇ ತೆರಿಗೆ ಹಿಡಿಯುವವನಾದ! ಮಾರುವವರು ವಿದೇಶದಲ್ಲಿ ನೆಲೆಸಿದ ಅನಿವಾಸಿಗಳಾದರೆ ಈ ಶೇಕಡ 1ರ ನಿಯಮ ಅನ್ವಯಿಸುವುದಿಲ್ಲ. ಅಲ್ಲಿ ಹಿಡಿಯಬೇಕಾದ ದರ ಬಹಳ ಹೆಚ್ಚು. ಮಕ್ಕಳು ಅಮೆರಿಕದಲ್ಲಿದ್ದು ಇಲ್ಲಿನ ನಿವೇಶನ ಮಾರುವ ಸಂಸಾರಗಳು ಈಗ ಬಹಳ. ಆದ್ದರಿಂದ ಕೊಳ್ಳುವ ಮೊದಲೇ ಇದನ್ನು ಕೇಳಿ ತಿಳಿಯಿರಿ; ಹಿಡಿಯದೆ ಹೋದರೆ ಹೊಣೆ ನಿಮ್ಮ ಮೇಲೆಯೇ ಬೀಳುತ್ತದೆ.

ಹಗ್ಗ ಸಡಿಲವಾದ ಮೇಲೆ

ಈಗ ನಾವು ಇನ್ನೊಂದು ತಿರುವಿನಲ್ಲಿ ನಿಂತಿದ್ದೇವೆ. 2020ರಲ್ಲಿ ಬಂದ ಹೊಸ ತೆರಿಗೆ ಪದ್ಧತಿ ದರಗಳನ್ನು ಇಳಿಸಿ, ಬದಲಿಗೆ 80 ಸಿ ಯನ್ನೂ ಸ್ವಂತ ವಾಸದ ಮನೆಯ ಬಡ್ಡಿಯ ರಿಯಾಯಿತಿಯನ್ನೂ ತೆಗೆದುಹಾಕಿತು. 2023-24ರಿಂದ ಬೇರೆ ಬೇಕೆಂದು ಕೇಳದ ಎಲ್ಲರಿಗೂ ಅದೇ ಪದ್ಧತಿ ಅನ್ವಯವಾಯಿತು. 2025-26ನೇ ಸಾಲಿನಿಂದ ಅದರಲ್ಲಿ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ತೆರಿಗೆಯಿಲ್ಲ. ಸಂಬಳದಾರರಿಗೆ 75,000ದ ಪ್ರಮಾಣಿತ ಕಡಿತವೂ ಸೇರಿ 12,75,000ದವರೆಗೆ. ಹಳೆಯ ಪದ್ಧತಿಯನ್ನು ಆರಿಸಿಕೊಳ್ಳುವ ಅವಕಾಶ 2025ರ ಕಾಯಿದೆಯಲ್ಲೂ ಉಳಿದಿದೆ.

ಸಂಬಳದಾರರಿಗೆ ಇದು ಸಂತೋಷದ ಸುದ್ದಿಯೇ. ಆದರೆ ಇದರ ಇನ್ನೊಂದು ಮುಖವನ್ನು ಕಾಣದೆ ಇರಬಾರದು. ಹಲವು ತಲೆಮಾರುಗಳಿಂದ ನಮ್ಮ ಉಳಿತಾಯ ನಡೆದದ್ದು ಬೇರೆಯವರ ಬಲವಂತದಿಂದ. ಕಚೇರಿ ಹಿಡಿಯಿತು, ಏಜೆಂಟ್ ಬಾಗಿಲಿಗೆ ಬಂದ, ತೆರಿಗೆಯ ಭಯ ನೂಕಿತು. ನಿಶ್ಚಿತ ಪಿಂಚಣಿಯ ಭರವಸೆಯೂ ಹೊಸಬರಿಗೆ ತಪ್ಪಿತು: ಕೇಂದ್ರದಲ್ಲಿ 2004ರ ಜನವರಿಯಿಂದ, ಕರ್ನಾಟಕದಲ್ಲಿ 2006ರ ಏಪ್ರಿಲ್‌ನಿಂದ ಸೇವೆಗೆ ಸೇರಿದವರು ತಮ್ಮ ಸಂಬಳದ ಪಾಲು ಹಾಕಿ ಬೆಳೆಸುವ ಹೊಸ ಪಿಂಚಣಿ ವ್ಯವಸ್ಥೆಯೊಳಗೆ ಬಂದರು. ಈಗ ತೆರಿಗೆಯ ನೂಕುವಿಕೆಯೂ ಸಡಿಲವಾಗಿದೆ. ಮೊದಲು ಕೈಗೆ ಬಾರದಿದ್ದ ಹಣ ಕೈಗೆ ಬರುತ್ತಿದೆ. ಅದು ಹೊಸ ಮೋಟಾರು ಬೈಕಿನ ಕಂತಾಗುವುದೋ, ಮನೆಯ ಅಡಿಪಾಯವಾಗುವುದೋ ಎಂಬುದನ್ನು ತೀರ್ಮಾನಿಸಬೇಕಾದವರು ನೀವೇ.

ಮೊದಲ ಮನೆಗೆ ಹೊರಟವರಿಗೆ ಈ ಇತಿಹಾಸ ಹೇಳುವ ನಾಲ್ಕು ಮಾತುಗಳಿವೆ.

ಮೊದಲನೆಯದು, ನಿಮ್ಮ ಕಟಾವಣೆಯನ್ನು ನೀವೇ ಮಾಡಿಕೊಳ್ಳಿ. ಸಂಬಳ ಬಂದ ಮರುದಿನವೇ ಒಂದು ಪಾಲು ತಾನಾಗಿ ಬೇರೆ ಖಾತೆಗೆ ಹೋಗುವಂತೆ ಬ್ಯಾಂಕಿಗೆ ಬರೆದುಕೊಡಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲ ಮನೆಯ ಬೆಲೆಯ ಶೇಕಡ 90, ಅದಕ್ಕೆ ಮೇಲ್ಪಟ್ಟು 75 ಲಕ್ಷದವರೆಗೆ ಶೇಕಡ 80 ಮೀರುವಂತಿಲ್ಲ. ಉಳಿದದ್ದು, ಜೊತೆಗೆ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಎಲ್ಲವೂ ನಿಮ್ಮ ಗಂಟಿನಿಂದಲೇ ಬರಬೇಕು.

ಎರಡನೆಯದು, ಕಂತಿನೊಳಗೆ ಏನಿದೆ ಎಂಬುದನ್ನು ನೋಡಿ. 10 ಲಕ್ಷ ರೂಪಾಯಿಯನ್ನು ಶೇಕಡ 8.5ರ ಬಡ್ಡಿಗೆ 20 ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 8,678 ರೂಪಾಯಿ. ಮೊದಲ ತಿಂಗಳು ಅದರಲ್ಲಿ 7,083 ರೂಪಾಯಿ ಬಡ್ಡಿಗೇ ಹೋಗುತ್ತದೆ. ಅಸಲು ತೀರುವುದು 1,595 ರೂಪಾಯಿ ಮಾತ್ರ. 20 ವರ್ಷಗಳಲ್ಲಿ ಒಟ್ಟು ಕಟ್ಟುವುದು ಸುಮಾರು 20.83 ಲಕ್ಷ. ಮೊದಲ ವರ್ಷಗಳಲ್ಲಿ ಬೋನಸ್ಸು, ಬಾಕಿ ಸಂಬಳ ಏನೇ ಬಂದರೂ ಅಸಲಿಗೆ ಕಟ್ಟಿದರೆ ಆಗುವ ಲಾಭ ಕೊನೆಯ ವರ್ಷಗಳಲ್ಲಿ ಆಗುವುದಿಲ್ಲ.

ಮೂರನೆಯದು, ಹಿಡಿದದ್ದು ಸೇರಬೇಕಾದ ಜಾಗ ಸೇರಿದೆಯೇ ಎಂದು ವರ್ಷಕ್ಕೊಮ್ಮೆ ನೋಡಿ. ತೆರಿಗೆ ಇಲಾಖೆಯ ವಾರ್ಷಿಕ ವಿವರಪಟ್ಟಿಯಲ್ಲಿ ನಿಮ್ಮ ತೆರಿಗೆ ಕಾಣಬೇಕು. ಭವಿಷ್ಯ ನಿಧಿಯ ಪಾಸ್‌ಬುಕ್ಕಿನಲ್ಲಿ ನಿಮ್ಮ ಪಾಲೂ ಮಾಲೀಕನ ಪಾಲೂ ಕಾಣಬೇಕು. ಕಾಣದಿದ್ದರೆ ಸಂಕೋಚವಿಲ್ಲದೆ ಕೇಳಿ.

ನಾಲ್ಕನೆಯದು, ನಿವೇಶನವಾಗಲಿ ಮನೆಯಾಗಲಿ, ಮೂಲ ಕ್ರಯಪತ್ರ, ಋಣಭಾರ ಪ್ರಮಾಣಪತ್ರ, ಖಾತೆ, ಭೂಪರಿವರ್ತನೆಯ ಆದೇಶ, ನಕ್ಷೆಯ ಮಂಜೂರಾತಿ ಇವುಗಳನ್ನು ನಿಮ್ಮದೇ ವಕೀಲರಿಗೆ ತೋರಿಸಿ. ಮಾರುವವರ ವಕೀಲರು ಎಷ್ಟೇ ಒಳ್ಳೆಯವರಾಗಿದ್ದರೂ ಅವರು ಮಾರುವವರ ವಕೀಲರೇ.

ವಿಲ್ಸನ್ ಸಾಹೇಬರ ತೆರಿಗೆ ಒಂದು ಸಾಮ್ರಾಜ್ಯದ ಸಾಲ ತೀರಿಸಲು ಬಂತು. ಮೈಸೂರಿನ ವಿಮೆ ನೌಕರನ ಹೆಂಡತಿ ಮಕ್ಕಳು ಬೀದಿಗೆ ಬೀಳದಿರಲೆಂದು ಬಂತು. ಉಡುಪಿಯ 2 ಆಣೆ ಬಡವನೂ ಬ್ಯಾಂಕಿನ ಮೆಟ್ಟಿಲೇರಲೆಂದು ಬಂತು. ಮೂರರದೂ ಉಪಾಯ ಒಂದೇ, ಉದ್ದೇಶ ಬೇರೆ. ಇನ್ನು ಮುಂದೆ ನಿಮ್ಮ ದುಡಿಮೆಯಿಂದ ಮೊದಲ ಪಾಲನ್ನು ಎತ್ತಿಡುವ ಕೈ ಹೆಚ್ಚುಹೆಚ್ಚಾಗಿ ನಿಮ್ಮದೇ ಆಗಿರುತ್ತದೆ. ಆ ಕೈ ಗಟ್ಟಿಯಾಗಿರಲಿ. ಎತ್ತಿಟ್ಟದ್ದರ ಲೆಕ್ಕ ಮನೆಯವರೆಲ್ಲರಿಗೂ ತಿಳಿದಿರಲಿ.